ಕನ್ನಡಕವೂ ಕನ್ನಡವೂ

ಬೇಸಿಗೆ ರಜೆಯಲ್ಲಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಪ್ರವಾಸ ಹೊರಡುವ ಗೃಹಸ್ಥನಿಗೆ ಮನೆ ಬಿಡುವ ಮೊದಲೇ ಅರ್ಧ ಪ್ರವಾಸ ಮುಗಿದಿರುತ್ತದೆ. ಎಲ್ಲಿಗೆ ಹೋಗುವುದೆಂಬ ಚರ್ಚೆಯೇ ಆ ಅರ್ಧ. 2025ರ ಯುಗಾದಿಯ ದಿನ ನಮ್ಮ ಮನೆಯಲ್ಲಿ ಈ ಚರ್ಚೆ ಹೋಳಿಗೆಯ ಎಲೆಯ ಮುಂದೆ ಆರಂಭವಾಯಿತು. ನನ್ನಾಕೆ ಊಟಿ ಎಂದಳು. ಒಂಬತ್ತು ವರ್ಷದ ದೊಡ್ಡವನು ಸಮುದ್ರ ಎಂದ. ನಾನು ಬಾದಾಮಿ ಎಂದೆ. ಆರು ವರ್ಷದ ಚಿಕ್ಕವನು ಅದನ್ನು ತಿನ್ನುವ ಬಾದಾಮಿ ಎಂದು ತಿಳಿದು ಒಡನೆಯೇ ನನ್ನ ಪಕ್ಷಕ್ಕೆ ಬಂದ. ಹೀಗೆ ತಪ್ಪು ತಿಳಿವಳಿಕೆಯಿಂದ ಬಂದ ಒಂದು ಓಟಿನ ಬಲದ ಮೇಲೆ ನಾನು ಗೆದ್ದೆ. ಚುನಾವಣೆಗಳಲ್ಲಿ ಇದೇನೂ ಹೊಸದಲ್ಲವಷ್ಟೆ.

“ಏಪ್ರಿಲ್ ತಿಂಗಳಲ್ಲಿ ಬಾದಾಮಿಗೆ! ಅಲ್ಲಿ ರೊಟ್ಟಿ ಬೇಯಿಸುವುದಕ್ಕೆ ಒಲೆ ಬೇಡ, ಬಂಡೆಯೇ ಸಾಕು” ಎಂದು ನನ್ನಾಕೆ ಹೇಳಿದಳು. ಹೇಳಿದಳೇ ಹೊರತು ತಡೆಯಲಿಲ್ಲ. ನಾನು ಬಾದಾಮಿ ಎಂದುದಕ್ಕೆ ಹೊರಗೆ ಹೇಳಿದ ಕಾರಣ ಒಂದು, ಒಳಗಿನದು ಇನ್ನೊಂದು ಎಂಬುದು ಅವಳಿಗೆ ಗೊತ್ತಿತ್ತು.

ಆ ಒಳಗಿನ ಕಾರಣವನ್ನು ಇಲ್ಲಿ ಹೇಳದೆ ವಿಧಿಯಿಲ್ಲ. ಅದೇ ವರ್ಷದ ಸಂಕ್ರಾಂತಿಯ ಮರುದಿನ ನನ್ನ ಸಹೋದ್ಯೋಗಿಗಳಿಬ್ಬರು ಮನೆಗೆ ಬಂದಿದ್ದರು. ಎಳ್ಳು ಬೆಲ್ಲ ಆಯಿತು, ಕಾಫಿ ಆಯಿತು, ಇಂಗ್ಲಿಷ್ ಶಾಲೆಗಳಲ್ಲಿ ಕನ್ನಡ ಕೆಡುತ್ತಿದೆ ಎಂಬ ನಮ್ಮ ನಿತ್ಯದ ಶೋಕವೂ ಆಯಿತು. ನನ್ನ ಮಕ್ಕಳೂ ಅಂಥ ಶಾಲೆಗೇ ಹೋಗುವವರು. ಆದರೆ ನಮ್ಮ ಮನೆ ಬೇರೆ ಎಂದು ತೋರಿಸುವ ಹುಮ್ಮಸ್ಸಿನಲ್ಲಿ ದೊಡ್ಡವನನ್ನು ಕರೆದು, ಒಂದು ಕಥೆಯ ಪುಸ್ತಕ ಕೈಗಿತ್ತು, ಓದೆಂದೆ. ಓದಿದ. ಮೂರನೆಯ ಸಾಲಿನಲ್ಲಿ ‘ಧನವಂತ’ ಎಂಬುದನ್ನು ‘ದನವಂತ’ ಎಂದ. “ಕನ್ನಡ ಮೇಷ್ಟರ ಮನೆಯಲ್ಲಿ ಇನ್ನೊಂದು ಕೊಟ್ಟಿಗೆ ಕಟ್ಟಿಸಬೇಕು!” ಎಂದೆ ನಾನು. ಎಲ್ಲರೂ ನಕ್ಕರು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು ನಾನೇ. ಹುಡುಗ ಪುಸ್ತಕವನ್ನು ಮುಚ್ಚಿ, ಮೆಲ್ಲಗೆ ಕುರ್ಚಿಯ ಮೇಲಿಟ್ಟು ಒಳಗೆ ಹೋದ.

ಅಂದಿನಿಂದ ಅವನು ನನ್ನೆದುರು ಕನ್ನಡ ಓದಿದ್ದಿಲ್ಲ. ಪಾಠ ಒಪ್ಪಿಸುವುದು ತಾಯಿಯ ಬಳಿ. ನಾನು ಕೋಣೆಗೆ ಕಾಲಿಟ್ಟರೆ ಪುಸ್ತಕ ಮುಚ್ಚಿಕೊಳ್ಳುತ್ತಿತ್ತು. ಮಾತಿನಲ್ಲಿ, ಆಟದಲ್ಲಿ, ಊಟದಲ್ಲಿ ಅವನು ಮೊದಲಿನಂತೆಯೇ ಇದ್ದ. ಇದೊಂದರಲ್ಲಿ ಮಾತ್ರ ನನಗೂ ಅವನಿಗೂ ನಡುವೆ ಒಂದು ಗೋಡೆ. ಬಾದಾಮಿಯ ಬಂಡೆಗಳ ಮೇಲೆ ಕನ್ನಡವನ್ನು ಕಂಡರೆ ಈ ಹುಡುಗನಿಗೆ ಅಭಿಮಾನ ಹುಟ್ಟೀತು, ಗೋಡೆ ಬಿದ್ದೀತು ಎಂದು ನಾನು ಲೆಕ್ಕ ಹಾಕಿದ್ದೆ. ರೋಗಕ್ಕೆ ಕಾರಣನಾದ ವೈದ್ಯನೇ ಔಷಧವನ್ನೂ ಬರೆದುಕೊಟ್ಟ ಹಾಗೆ. ಔಷಧದ ಪ್ರಮಾಣವೂ ಸಣ್ಣದಲ್ಲ: ಚಾಲುಕ್ಯರ ಮೇಲೆ ಹದಿನಾಲ್ಕು ಪುಟಗಳ ಟಿಪ್ಪಣಿ ಮಾಡಿಕೊಂಡು ಚೀಲದಲ್ಲಿಟ್ಟಿದ್ದೆ.

ಮೈಸೂರಿನಲ್ಲಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದೆವು. ಮೇಲಿನ ಬರ್ತಿಗಾಗಿ ಹುಡುಗರ ನಡುವೆ ನಡೆದ ಕದನ ಯಾವ ಶಾಸನದಲ್ಲಿಯೂ ಬರೆಯಲು ಯೋಗ್ಯವಾದುದು. ಕೊನೆಗೆ ಇಬ್ಬರೂ ಒಂದೇ ಬರ್ತಿನಲ್ಲಿ ತಲೆಗೊಬ್ಬ ಕಾಲಿಗೊಬ್ಬ ಮಲಗಿದರು. ಮರುದಿನ ಬೆಳಗ್ಗೆ ಬಾದಾಮಿಯಲ್ಲಿ ಇಳಿದಾಗ ಗಾಳಿ ತಂಪಾಗಿಯೇ ಇತ್ತು. ನಿಲ್ದಾಣದಿಂದ ಊರು ದೂರ. “ಬರ್ರಿ ಸರ್, ಎಲ್ಲೀಗ ಹೋಗೂದೈತ್ರಿ?” ಎಂದು ಆಟೋದವನು ಕೇಳಿದಾಗ ಚಿಕ್ಕವನು ನನ್ನ ಕಿವಿಯಲ್ಲಿ, “ಅಪ್ಪಾ, ಇವರು ಹಾಡ್ತಾ ಇದ್ದಾರಾ?” ಎಂದ.

ಬಿಸಿಲೇರುವ ಮೊದಲೇ ಗುಹಾಲಯಗಳನ್ನು ಹತ್ತಿದೆವು. ಕೆಂಪು ಮರಳುಗಲ್ಲಿನ ಬೆಟ್ಟವನ್ನು ಕೊರೆದು ಮಾಡಿದ ನಾಲ್ಕು ಗುಹೆಗಳು ಒಂದರ ಮೇಲೊಂದರಂತೆ ಏರುತ್ತ ಹೋಗುತ್ತವೆ. ಮೊದಲನೆಯದರಲ್ಲಿ ಹದಿನೆಂಟು ಕೈಗಳ ನಟರಾಜ. ಚಿಕ್ಕವನು ಎರಡು ಸಲ ಎಣಿಸಿ ಲೆಕ್ಕ ಸರಿಯಿದೆಯೆಂದು ಒಪ್ಪಿದ, ಅನಂತರ, “ಇಷ್ಟು ಕೈ ಇದ್ದರೆ ಊಟ ಯಾವ ಕೈಯಲ್ಲಿ ಮಾಡೋದು?” ಎಂದು ಕೇಳಿದ. ನನ್ನ ಹದಿನಾಲ್ಕು ಪುಟಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ಮೂರನೆಯ ಗುಹೆಯಲ್ಲಿ ನಾನು ಗಂಟಲು ಸರಿಪಡಿಸಿಕೊಂಡೆ. ವಿಷ್ಣುವಿನ ಈ ಗುಹಾಲಯವನ್ನು ಮಂಗಲೇಶ ಮಾಡಿಸಿದ್ದು ಶಕ ವರ್ಷ 500ರಲ್ಲಿ, ಎಂದರೆ ಕ್ರಿ.ಶ. 578ರಲ್ಲಿ, ಅದನ್ನು ಹೇಳುವ ಶಾಸನ ಅಲ್ಲಿಯೇ ಇದೆ, ಅವನದೇ ಕನ್ನಡ ಶಾಸನವೊಂದೂ ಇದೆ, ಕನ್ನಡದ ಅತ್ಯಂತ ಹಳೆಯ ಶಾಸನಗಳಲ್ಲಿ ಅದೊಂದು, ಅದರಲ್ಲಿ ಈ ದೇವಾಲಯವನ್ನು ‘ಕಲ್ಮನೆ’ ಎಂದು ಕರೆದಿದೆ. ತರಗತಿಯಲ್ಲಿ ಮಾತಾಡುವ ಧ್ವನಿಯಲ್ಲಿಯೇ ಇದನ್ನೆಲ್ಲ ಹೇಳಿದೆ. ಎಲ್ಲಿಂದಲೋ ಬಂದ ಇಬ್ಬರು ಪ್ರವಾಸಿಗಳು ನನ್ನನ್ನು ಗೈಡ್ ಎಂದು ತಿಳಿದು ನಿಂತು ಕೇಳಿದರು. ದೊಡ್ಡವನು ಕಂಬಕ್ಕೊರಗಿ ಅಳಿಲೊಂದನ್ನು ನೋಡುತ್ತಿದ್ದ. “ಕೇಳಿಸಿತೇನೋ?” ಎಂದೆ. “ಹೂಂ” ಎಂದ. ಆ ‘ಹೂಂ’ ನನಗೆ ಚೆನ್ನಾಗಿ ಗೊತ್ತು. ಇಪ್ಪತ್ತು ವರ್ಷಗಳಿಂದ ಕೊನೆಯ ಬೆಂಚಿನಿಂದ ಅದನ್ನು ಕೇಳುತ್ತಿದ್ದೇನೆ.

ಇಳಿಯುವಾಗ ಅದು ಸಂಭವಿಸಿತು. ಮೆಟ್ಟಿಲ ಪಕ್ಕದ ಕಟ್ಟೆಯ ಮೇಲೆ ಮಹಾ ವೈರಾಗ್ಯದಿಂದ ಕುಳಿತಿದ್ದ ಕೋತಿಯೊಂದು ನಾನು ಎದುರಿಗೆ ಬಂದೊಡನೆ ಕೈ ನೀಡಿ ನನ್ನ ಕನ್ನಡಕವನ್ನು ಕಿತ್ತುಕೊಂಡು ಬಂಡೆಯೇರಿತು. ನನ್ನ ನಂಬರು ಮೈನಸ್ ಆರಕ್ಕೆ ಮೇಲೆ. ಕನ್ನಡಕವಿಲ್ಲದ ನನಗೆ ಲೋಕವೆಲ್ಲ ಒಂದು ಕೆಂಪು ಮಬ್ಬಾಯಿತು. ಮುಂದಿನ ಘಟನೆಗಳು ನನಗೆ ಹುಡುಗರ ವೀಕ್ಷಕ ವಿವರಣೆಯಿಂದಲೇ ತಿಳಿದವು. “ಅಪ್ಪಾ, ಅದು ಕಡ್ಡೀನ ಕಚ್ತಾ ಇದೆ!” “ಅಪ್ಪಾ, ಈಗ ಹಾಕ್ಕೊಳ್ತು!” “ಇಲ್ಲ, ತಲೆಕೆಳಗೆ ಹಾಕ್ಕೊಂಡಿದೆ!” ಕಾವಲುಗಾರನು ಓಡಿ ಬಂದು, “ಬಾಳೆಹಣ್ಣು ತೋರಸ್ರಿ ಸರ್, ತಾನ ಒಗೀತೈತಿ” ಎಂದ. ಬಾಳೆಹಣ್ಣು ತೋರಿಸಿದೆವು. ಕೋತಿಯೂ ಮಾತಿಗೆ ತಪ್ಪಲಿಲ್ಲ, ಒಗೆಯಿತು. ಆರನೆಯ ಶತಮಾನದ ಬಂಡೆಗೆ ತಗುಲಿ ಇಪ್ಪತ್ತೊಂದನೆಯ ಶತಮಾನದ ಗಾಜು ಚೂರಾಯಿತು.

“ಇನ್ನೊಂದು ಜೊತೆ ಇಟ್ಟುಕೊಳ್ಳಿ ಎಂದು ಹೊರಡುವಾಗ ಹೇಳಿದೆನೋ ಇಲ್ಲವೋ?” ಎಂದಳು ನನ್ನಾಕೆ. ಹೇಳಿದ್ದಳು. ಆದರೆ ಚೀಲದಲ್ಲಿ ಆ ಜಾಗಕ್ಕೆ ಹದಿನಾಲ್ಕು ಪುಟಗಳು ಬಂದಿದ್ದವು. ಊರಿನ ಅಂಗಡಿಯಲ್ಲಿ ವಿಚಾರಿಸಿದರೆ, ಆ ನಂಬರಿನ ಗಾಜು ಹೊರಗಿನಿಂದ ಬರಬೇಕು, ಎರಡು ದಿನ ಆಗುತ್ತದೆ ಎಂದರು. ನಾವು ಅಲ್ಲಿರುವುದೇ ಎರಡು ದಿನ.

ಮಧ್ಯಾಹ್ನದ ಹೊತ್ತಿಗೆ ಎರಡನೆಯ ವಿಘ್ನ. ಕಬ್ಬಿನ ಹಾಲನ್ನು ಎರಡು ಲೋಟ ಕುಡಿದಿದ್ದ ಚಿಕ್ಕವನಿಗೆ ಹೊಟ್ಟೆ ಕೆಟ್ಟಿತು. ಲಾಡ್ಜಿನ ಫ್ಯಾನಿನ ಕೆಳಗೆ ಅವನನ್ನು ಮಲಗಿಸಿ, ಸಮಾಧಾನಕ್ಕೆ ನನ್ನ ಫೋನಿನಲ್ಲಿ ಕಾರ್ಟೂನು ಹಾಕಿಕೊಟ್ಟಿದ್ದಾಯಿತು. ಸಂಜೆ ನನ್ನಾಕೆ, “ನೀವಿಬ್ಬರೂ ಹೋಗಿ ಬನ್ನಿ. ಆ ಕಲ್ಲು ನೋಡದೆ ಹೋದರೆ ನೀವು ವರ್ಷವೆಲ್ಲ ಕೊರಗುತ್ತೀರಿ” ಎಂದಳು. ಆ ಕಲ್ಲು ಎಂದರೆ ಕಪ್ಪೆ ಅರಭಟ್ಟನ ಶಾಸನ. ಸುಮಾರು ಕ್ರಿ.ಶ. 700ರದು. ಕನ್ನಡದ ತ್ರಿಪದಿ ಮೊಟ್ಟಮೊದಲು ನಮ್ಮ ಕಣ್ಣಿಗೆ ಬೀಳುವುದು ಅದರಲ್ಲಿ. ಎಷ್ಟೋ ವರ್ಷ ಎಷ್ಟೋ ಹುಡುಗರಿಗೆ ಅದನ್ನು ಪಾಠ ಹೇಳಿದ್ದೆ, ಕಣ್ಣಾರೆ ಕಂಡಿರಲಿಲ್ಲ. ಈಗ ಕಾಣಲು ಬಂದರೆ ಕಣ್ಣೇ ಇಲ್ಲ.

ಅಗಸ್ತ್ಯತೀರ್ಥದ ದಂಡೆಯ ಮೇಲೆ ಮಗ ಮುಂದೆ, ಅವನ ಭುಜದ ಮೇಲೆ ಕೈಯಿಟ್ಟು ನಾನು ಹಿಂದೆ. ಎಡವುವ ಕಡೆಯಲ್ಲೆಲ್ಲ, “ಅಪ್ಪಾ, ಮೆಟ್ಟಿಲು”, “ಅಪ್ಪಾ, ಕಲ್ಲು” ಎಂದು ಹೇಳುತ್ತಿದ್ದ. ಸೋಪಾನದ ಮೇಲೆ ಬಟ್ಟೆ ಒಗೆಯುವ ಸದ್ದು ಎದುರಿನ ಬೆಟ್ಟಕ್ಕೆ ಬಡಿದು ಮರಳುತ್ತಿತ್ತು. ಒಬ್ಬ ತಾಯಿಯನ್ನು, “ಕಪ್ಪೆ ಅರಭಟ್ಟನ ಶಾಸನ ಎಲ್ಲಿದೆಯಮ್ಮ?” ಎಂದು ಕೇಳಿದೆ. “ಕಪ್ಪಿ ಏನ್ರಿ? ಕೆರ್‍ಯಾಗ ಭಾಳ ಅದಾವ” ಎಂದಳು ಆಕೆ. ಮಗ ನಕ್ಕ. ಮೂರು ತಿಂಗಳ ಮೇಲೆ ನಾವಿಬ್ಬರೇ ಇದ್ದಾಗ ಅವನು ನಕ್ಕಿದ್ದನ್ನು ಆಗ ಕೇಳಿದೆ. ದನ ಹೊಡೆದುಕೊಂಡು ಹೋಗುತ್ತಿದ್ದ ಹುಡುಗನೊಬ್ಬ, “ಅಕ್ಷರದ ಕಲ್ಲೇನ್ರಿ? ಹಿಂಗ ಬರ್ರಿ” ಎಂದು ದಾರಿ ತೋರಿಸಿದ.

ಬಂಡೆಯ ಮುಂದೆ ನಿಂತೆವು. ನನಗೆ ಕಂಡದ್ದು ಒಂದು ಕೆಂಪು ಗೋಡೆ, ಅಷ್ಟೆ.

“ಏನು ಕಾಣಿಸುತ್ತೋ?” ಎಂದೆ. ಪರೀಕ್ಷೆ ಮಾಡುವುದಕ್ಕಲ್ಲ, ನಿಜವಾಗಿಯೂ ತಿಳಿಯುವುದಕ್ಕೆ. ಈ ವ್ಯತ್ಯಾಸವನ್ನು ನಾನು ಅರಿತೆನೋ ಇಲ್ಲವೋ, ಹುಡುಗ ಅರಿತ. ಬಂಡೆಯ ಹತ್ತಿರ ಹೋದ. “ಸಾಲು ಸಾಲಾಗಿದೆ, ಅಪ್ಪ. ಕಾಪಿ ಪುಸ್ತಕದಲ್ಲಿ ಬರೆದ ಹಾಗೆ. ನಮ್ಮ ಅಕ್ಷರದ ಹಾಗಿಲ್ಲ. ಒಂದು ಕಮಾನಿನ ಹಾಗಿದೆ. ಬಾಗಿಲಿನ ಹಾಗೆ.”

“ಬರೆದು ತೋರಿಸುತ್ತೀಯಾ?”

ಬರೆಯಲು ಕಾಗದ ಬೇಕಲ್ಲ. ಹದಿನಾಲ್ಕು ಪುಟಗಳ ಹಿಂಬದಿ ಖಾಲಿಯಿತ್ತು. ಅವು ಉಪಯೋಗಕ್ಕೆ ಬಂದದ್ದು ಆಗಲೇ. ನಾಲಗೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಅವನು ಒಂದೊಂದೇ ಅಕ್ಷರವನ್ನು ಚಿತ್ರದಂತೆ ಬರೆದು ತಂದುಕೊಡುತ್ತಿದ್ದ. ನಾನು ಅದನ್ನು ಮೂಗಿನ ಬಳಿ ಹಿಡಿದು ನೋಡುತ್ತಿದ್ದೆ. ಸಮೀಪದ್ದು ನನಗೆ ಚೆನ್ನಾಗಿ ಕಾಣುತ್ತದೆ. ಆ ಕಮಾನು ಬಂದಾಗ, “ಇದು ‘ಗ’. ಇದಕ್ಕೆ ಇವತ್ತಿನ ತಲೆಕಟ್ಟು ಹಾಕಿ ನೋಡು” ಎಂದೆ. ಹಾಕಿ ನೋಡಿದ. ಒಂದು ಕ್ಷಣ ಸುಮ್ಮನಿದ್ದು, “ಅರೆ! ಹೌದಲ್ಲ!” ಎಂದ. ಮತ್ತೆ ಬಂಡೆಗೆ ಓಡಿ ಆ ‘ಗ’ ಇನ್ನೆಲ್ಲೆಲ್ಲಿ ಇದೆಯೆಂದು ಹುಡುಕತೊಡಗಿದ. ನಾನು ಸಾವಿರದ ಮುನ್ನೂರು ವರ್ಷದ ಶಾಸನವನ್ನು ಮೊದಲ ಸಲ ಕಂಡದ್ದು ಹೀಗೆ: ಮಗನ ಕೈಬರಹದಲ್ಲಿ.

ಬಹಳ ಹೊತ್ತಿನ ಮೇಲೆ ಬಂದು ಪಕ್ಕದಲ್ಲಿ ಕುಳಿತು ಕೇಳಿದ: “ಅಪ್ಪ, ಕಲ್ಲಿನ ಮೇಲೆ ಬರೆಯುವಾಗ ತಪ್ಪಾದರೆ ಅಳಿಸೋದು ಹೇಗೆ?”

“ಅಳಿಸಲು ಆಗುವುದಿಲ್ಲ, ಮಗು. ತಪ್ಪು ಹಾಗೆಯೇ ಉಳಿಯುತ್ತದೆ. ಶಾಸನಗಳಲ್ಲಿ ಅಂಥ ತಪ್ಪುಗಳು ಬೇಕಾದಷ್ಟಿವೆ.”

“ಹಾಗಾದ್ರೆ ಓದಿದವರೆಲ್ಲ ನಗಲ್ವಾ?”

ಅವನು ಮುಗ್ಧವಾಗಿಯೇ ಕೇಳಿದನೋ, ಸಂಕ್ರಾಂತಿಯನ್ನು ನೆನೆದು ಕೇಳಿದನೋ ತಿಳಿಯದು. ಮುಖ ನೋಡಿ ತಿಳಿಯೋಣವೆಂದರೆ ಮುಖವೂ ಮಬ್ಬು. ಶಾಸನಗಳನ್ನು ಓದಿದ ವಿದ್ವಾಂಸರು ನಗುವುದಿಲ್ಲ. ಕಂಡರಿಸಿದವನು ಒಂದು ಅಕ್ಷರ ಬಿಟ್ಟಿದ್ದರೆ, ಒತ್ತು ಮರೆತಿದ್ದರೆ, ಮೊದಲು ಕಲ್ಲಿನಲ್ಲಿರುವುದನ್ನು ಇದ್ದಂತೆಯೇ ಬರೆದುಕೊಂಡು, ‘ಇದನ್ನು ಹೀಗೆ ಓದಿಕೊಳ್ಳಬೇಕು’ ಎಂದು ಅಡಿಯಲ್ಲಿ ಸಣ್ಣದಾಗಿ ಸೂಚಿಸುತ್ತಾರೆ. ನಾನೂ ನನ್ನ ವಿದ್ಯಾರ್ಥಿಗಳಿಗೆ ಅದನ್ನೇ ಕಲಿಸಿದ್ದೇನೆ. ಸಾವಿರದ ಮುನ್ನೂರು ವರ್ಷದ ಹಿಂದಿನ ಅಪರಿಚಿತನ ತಪ್ಪಿಗೆ ತೋರಿಸುವ ಈ ಮರ್ಯಾದೆಯನ್ನು ಒಂಬತ್ತು ವರ್ಷದ ಮಗನ ತಪ್ಪಿಗೆ ನಾನು ತೋರಿಸಿರಲಿಲ್ಲ.

“ನಗುವುದಿಲ್ಲ. ನಗಬಾರದು. ಅವತ್ತು ನಾನು ನಕ್ಕದ್ದು ತಪ್ಪು” ಎಂದೆ.

ಮಗ ಏನೂ ಹೇಳಲಿಲ್ಲ. ಕೆರೆಗೆ ಒಂದು ಕಲ್ಲು ಎಸೆದ. ಆಮೇಲೆ ಇನ್ನೊಂದು. ಮೂರನೆಯದನ್ನು ನನ್ನ ಕೈಗೆ ಕೊಟ್ಟು, “ನೀನು ಎಸಿ, ನಾನು ಎಷ್ಟು ಸಲ ಹಾರಿತು ಅಂತ ಹೇಳ್ತೀನಿ” ಎಂದ. ಎಸೆದೆ. “ಮುಳುಗಿಹೋಯ್ತು” ಎಂದ. ಇಬ್ಬರೂ ನಕ್ಕೆವು.

ಮರುದಿನ ಚಿಕ್ಕವನು ಏನೂ ಆಗದವನಂತೆ ಎದ್ದು ಕುಳಿತ. ಪಟ್ಟದಕಲ್ಲಿಗೆ ಹೊರಟೆವು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟಿನ ಹಣವಿಲ್ಲವಾದುದರಿಂದ ಬಸ್ ನಿಲ್ದಾಣ ಜಾತ್ರೆಯಂತಿತ್ತು. ನನ್ನಾಕೆ ಚಿಕ್ಕವನನ್ನೂ ಚೀಲಗಳನ್ನೂ ಕಾಯುತ್ತಿದ್ದಳು. ನಾನು ನಿಷ್ಪ್ರಯೋಜಕನಾಗಿ ಒಂದು ಕಂಬಕ್ಕೆ ಒರಗಿ ನಿಂತಿದ್ದೆ. ಬಸ್ಸುಗಳ ಹಲಗೆ ಓದುವ ಭಾರವೆಲ್ಲ ದೊಡ್ಡವನ ಮೇಲೆ. ಬಂದ ಬಸ್ಸಿನೆದುರಿಗೆಲ್ಲ ಓಡಿ ಅಲ್ಲಿಂದಲೇ ಕೂಗುತ್ತಿದ್ದ: “ಅಪ್ಪಾ, ಗು-ಳೇ-ದ-ಗು-ಡ್ಡ!” “ಅಪ್ಪಾ, ಕೆರೂರು!” “ಗ-ಜೇಂ-ದ್ರ-ಗಡ!” ‘ಜೇಂದ್ರ’ದಲ್ಲಿ ಅವನು ಮೂರು ಸಲ ಎಡವಿ ನಾಲ್ಕನೆಯ ಸಲ ದಾಟಿದ. ಸುತ್ತಲಿನ ಜನ ತಿರುಗಿ ನೋಡುತ್ತಿದ್ದರು. ಅವನಿಗೆ ಅದರ ಪರಿವೆಯಿಲ್ಲ. ಅಲ್ಲಿ ಓದುವುದು ತಪ್ಪಾದರೆ ಯಾರೂ ನಗರು, ನಾವು ಬೇರೆ ಊರಿಗೆ ಹೋಗಿಬಿಡುತ್ತೇವೆ, ಅಷ್ಟೆ. ಅಕ್ಷರಕ್ಕೆ ಇಂಥದೊಂದು ಕೆಲಸವಿದೆಯೆಂದು ನನ್ನ ಮಗನಿಗೆ ನಾನು ಒಮ್ಮೆಯೂ ತೋರಿಸಿಕೊಟ್ಟಿರಲಿಲ್ಲ.

“ಅಪ್ಪಾ, ಪ-ಟ್ಟ-ದ-ಕ-ಲ್ಲು! ಬಾ, ಬಾ, ಬೇಗ!”

ದಾರಿಯಲ್ಲಿ ದನಗಳ ಹಿಂಡೊಂದು ರಸ್ತೆಗೆ ಅಡ್ಡ ಬಂದು ಬಸ್ಸು ನಿಂತಿತು. ಕಿಟಕಿಯ ಬಳಿ ಕುಳಿತಿದ್ದ ದೊಡ್ಡವನು ನನ್ನ ಕಡೆ ತಿರುಗಿ, ಸಣ್ಣ ದನಿಯಲ್ಲಿ, “ಅಪ್ಪ, ದನ. ಮಹಾಪ್ರಾಣ ಅಲ್ಲ” ಎಂದ. ತಾನೇ ಹಾಸ್ಯ ಮಾಡುತ್ತಿದ್ದ, ಕಳ್ಳ! ಅವನಿಗೆ ಎಲ್ಲವೂ ನೆನಪಿತ್ತು. ಎದುರು ಸೀಟಿನ ಮುದುಕರಿಗೆ ನಾವು ನಗುವುದೇಕೆಂದು ತಿಳಿಯಲಿಲ್ಲ. ಚಿಕ್ಕವನೇ ವಿಷಯವನ್ನೆಲ್ಲ ಒಪ್ಪಿಸಿದ. ಅವರು ಕೇಳಿ, “ಅದರಾಗ ತಪ್ಪೇನೈತೋ ತಮ್ಮಾ? ನಮಗ ದನಾನ ಧನ” ಎಂದರು. ನಾನು ಹದಿನಾಲ್ಕು ಪುಟಗಳಲ್ಲಿ ಬರೆಯಲಾರದ ಮಾತು.

ಪಟ್ಟದಕಲ್ಲಿನಲ್ಲಿ ನಾನು ಹೇಳಿದ್ದು ಒಂದೇ ಸಂಗತಿ. ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದ್ದು ಲೋಕಮಹಾದೇವಿಯೆಂಬ ರಾಣಿ, ಗಂಡ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದುದರ ನೆನಪಿಗೆ ಎಂದೆ. ನನ್ನಾಕೆ, “ಗಂಡ ಗೆದ್ದರೆ ಹೆಂಡತಿ ದೇವಸ್ಥಾನ ಕಟ್ಟಿಸುತ್ತಾಳೆ. ಕನ್ನಡಕ ಕಳೆದುಕೊಂಡರೆ ಏನು ಕಟ್ಟಿಸಬೇಕು?” ಎಂದಳು. ಉಳಿದ ಹೊತ್ತೆಲ್ಲ ಹುಡುಗರು ನೋಡಿ ಹೇಳಿದರು, ನಾನು ಕೇಳಿದೆ. ಆನೆ ಎಲ್ಲಿದೆ, ಯಾವ ಸಿಂಹಕ್ಕೆ ಮೂಗಿಲ್ಲ ಎಂಬುದೆಲ್ಲ ಅವರಿಂದಲೇ ತಿಳಿಯಿತು.

ಮಧ್ಯಾಹ್ನ ಐಹೊಳೆಗೆ ಹೋಗಬೇಕೆಂದಿತ್ತು. ಮೇಗುತಿ ಗುಡ್ಡದ ಮೇಲೆ ರವಿಕೀರ್ತಿಯ ಕ್ರಿ.ಶ. 634ರ ಶಾಸನವಿದೆ, ಕಾಳಿದಾಸ ಭಾರವಿಗಳ ಹೆಸರು ಅದರಲ್ಲಿ ಬರುತ್ತದೆ. ಆದರೆ ದೇವಾಲಯಗಳ ಹಿಂದೆಯೇ ಉತ್ತರಕ್ಕೆ ಹರಿಯುವ ಮಲಪ್ರಭೆಯನ್ನು ಹುಡುಗರು ಕಂಡುಬಿಟ್ಟರು. ಬೇಸಿಗೆಯ ನೀರು, ದಂಡೆಯ ಬಳಿ ಮೊಣಕಾಲಿಗೂ ಬಾರದು. ಇಬ್ಬರೂ ನನ್ನ ಮುಖ ನೋಡಿದರು. ರವಿಕೀರ್ತಿ ಇಷ್ಟು ಶತಮಾನ ಕಾದಿದ್ದಾನೆ, ಇನ್ನೊಂದು ಬೇಸಿಗೆ ಕಾಯುತ್ತಾನೆ ಎಂದುಕೊಂಡು ನಾನೂ ಷರಾಯಿ ಮಡಿಸಿದೆ.

ಸಂಜೆ ಬನಶಂಕರಿಯಲ್ಲಿ ಅಮ್ಮನವರ ದರ್ಶನವಾದ ಮೇಲೆ, ಬುಟ್ಟಿ ಹೊತ್ತು ಬಂದ ಒಬ್ಬ ಅಜ್ಜಿ ನಮ್ಮನ್ನು ಮರದ ಕೆಳಗೆ ಕೂರಿಸಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು ಬಡಿಸಿದಳು. “ಉಣ್ಣೋ ನಮ್ಮಪ್ಪಾ, ಇನ್ನೊಂದು ರೊಟ್ಟಿ ಹಾಕ್ಕೋ” ಎಂದು ಹುಡುಗರನ್ನು ಒತ್ತಾಯ ಮಾಡಿದಳು. ಮನೆಯಲ್ಲಿ ಮೆಣಸಿನಕಾಯಿ ಕಂಡರೆ ಓಡುವ ಚಿಕ್ಕವನು ಕಣ್ಣಲ್ಲಿ ನೀರು ಸುರಿಸಿಕೊಂಡು ಎರಡು ರೊಟ್ಟಿ ತಿಂದ. ಊಟಿಯ ಮಾತನ್ನು ನನ್ನಾಕೆ ಆಮೇಲೆ ಎತ್ತಲಿಲ್ಲ. ಮುಂದಿನ ಬೇಸಿಗೆಗೆ ಎತ್ತಿಟ್ಟುಕೊಂಡಿದ್ದಾಳೆಂದು ಕಾಣುತ್ತದೆ.

ಮೈಸೂರಿಗೆ ಬಂದು ಹೊಸ ಕನ್ನಡಕ ಹಾಕಿಸಿಕೊಂಡೆ. ಲೋಕ ಮತ್ತೆ ಸ್ಪಷ್ಟವಾಯಿತು. ಅದರ ತಪ್ಪುಗಳೂ ಸ್ಪಷ್ಟವಾದವು. ಒಂದು ರಾತ್ರಿ ಊಟದ ಮೇಲೆ ದೊಡ್ಡವನು ಒಂದು ನೋಟುಪುಸ್ತಕ ಹಿಡಿದುಕೊಂಡು ನನ್ನ ಕೋಣೆಗೆ ತಾನಾಗಿಯೇ ಬಂದ. ದಾರಿಯಲ್ಲಿ ಓದಿದ ಊರುಗಳ ಹೆಸರನ್ನೆಲ್ಲ ಅದರಲ್ಲಿ ಬರೆದಿದ್ದ. ಕುರ್ಚಿಗೆ ಒರಗಿ ನಿಂತು ಒಂದೊಂದಾಗಿ ಓದಿದ. ನಾನು ಪುಟದ ಮೇಲೆ ಕಣ್ಣಾಡಿಸಿದೆ. ಮಹಾಪ್ರಾಣದ ಭಯ ಅವನನ್ನು ಇನ್ನೂ ಬಿಟ್ಟಿರಲಿಲ್ಲ. ಔದಾರ್ಯದಿಂದ ಬಾಗಲಕೋಟೆಗೂ ಒಂದನ್ನು ಕೊಟ್ಟು ‘ಭಾಗಲಕೋಟೆ’ ಮಾಡಿದ್ದ. ಕೈ ಅಭ್ಯಾಸಬಲದಿಂದ ಜೇಬಿನ ಕೆಂಪು ಪೆನ್ನಿನ ಕಡೆಗೆ ಹೋಯಿತು.

ಅಲ್ಲಿಂದ ಅದನ್ನು ಹಿಂದಕ್ಕೆ ತಂದು ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟೆ. “ಮುಂದೆ ಓದಪ್ಪ, ಕೇಳುತ್ತಿದ್ದೇನೆ” ಎಂದೆ.